ಐದಕ್ಕೆ ಮೂರೂವರೆ: ನನ್ನ ಬಿಮ್ಯಾಟ್ ಪ್ರಬಂಧಕ್ಕೆ ಅಂಕ ಬಿದ್ದ ಬಗೆ

ಇಂಗ್ಲೆಂಡಿನಲ್ಲಿ ಮೆಡಿಕಲ್ ಓದಲು ಹೊರಟವರಿಗೆ 2023ರವರೆಗೂ ಬಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇತ್ತು. ಎಲ್ಲ ಕಾಲೇಜುಗಳೂ ಅದನ್ನು ಕೇಳುತ್ತಿರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಂಡನ್ನಿನ ಇಂಪೀರಿಯಲ್ ಮತ್ತು ಯುಸಿಎಲ್, ಲೀಡ್ಸ್, ಲ್ಯಾಂಕಸ್ಟರ್, ಬ್ರೈಟನ್ ಅಂಡ್ ಸಸೆಕ್ಸ್, ಹೀಗೆ ಬೆರಳೆಣಿಕೆಯಷ್ಟು ಕಡೆ ಮಾತ್ರ ಬೇಕಾಗಿತ್ತು. ಮಿಕ್ಕ ಬಹುತೇಕ ಕಾಲೇಜುಗಳಿಗೆ ಯುಕೆಕ್ಯಾಟ್ ಎಂಬ ಇನ್ನೊಂದು ಪರೀಕ್ಷೆ. ನಾನು ಬಿಮ್ಯಾಟ್ ಬರೆದದ್ದು 2018ರ ಅಕ್ಟೋಬರ್ ಕೊನೆಯಲ್ಲಿ. ಅದರ ಪ್ರಬಂಧದ ಭಾಗಕ್ಕೆ ಅಂಕ ಹೇಗೆ ಬೀಳುತ್ತದೆ ಅನ್ನೋದು ಅರ್ಥವಾದ ಮೇಲೆ ನಾನು ಬರೆಯುವ ರೀತಿಯೇ ಬದಲಾಯಿತು. ಯೋಚಿಸುವ ರೀತಿಯೂ ಸ್ವಲ್ಪ ಬದಲಾಯಿತು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಪರೀಕ್ಷೆ ಒಟ್ಟು ಎರಡು ಗಂಟೆಯದು. ಮೊದಲ ಭಾಗಕ್ಕೆ ಒಂದು ಗಂಟೆ. ಅದರಲ್ಲಿ ತರ್ಕ, ಲೆಕ್ಕ, ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳು. ಎರಡನೇ ಭಾಗಕ್ಕೆ ಅರ್ಧ ಗಂಟೆ, ಅಲ್ಲಿ ವಿಜ್ಞಾನ ಮತ್ತು ಗಣಿತ. ಇವೆರಡಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರೆ ಆಯಿತು. ಫಲಿತಾಂಶ 1ರಿಂದ 9ರವರೆಗಿನ ಅಳತೆಯಲ್ಲಿ ಬರುತ್ತಿತ್ತು. ಮೂರನೇ ಭಾಗವೇ ಪ್ರಬಂಧ. ಅರ್ಧ ಗಂಟೆ, ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಗೆರೆ ಹಾಕಿದ ಒಂದೇ ಒಂದು ಎ4 ಪುಟದಲ್ಲಿ ಮುಗಿಸಬೇಕು. ಹೆಚ್ಚುವರಿ ಹಾಳೆ ಕೇಳುವ ಹಾಗಿಲ್ಲ. ನಿಘಂಟೂ ಇಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಮಗಳು ನೀಟ್ ಬರೆದಿದ್ದಳು. 180 ಪ್ರಶ್ನೆ, 720 ಅಂಕ, ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ಪ್ರಬಂಧದ ವಿಷಯ ಹೇಳಿದಾಗ ಅವಳಿಗೆ ನಂಬಲಿಕ್ಕೇ ಆಗಲಿಲ್ಲ. "ಅಲ್ಲ ಕಣೇ, ಡಾಕ್ಟರ್ ಆಗೋಕೆ ಪ್ರಬಂಧ ಯಾಕೆ? ಅದಕ್ಕೆ ಯಾರು, ಹೇಗೆ ಮಾರ್ಕ್ಸ್ ಹಾಕ್ತಾರೆ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಆವತ್ತು ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ.

ಉತ್ತರ ಗುಟ್ಟಿನ ವಿಷಯವೇನಲ್ಲ. ಪರೀಕ್ಷೆ ನಡೆಸುತ್ತಿದ್ದ ಕೇಂಬ್ರಿಜ್ ಅಸೆಸ್‌ಮೆಂಟಿನವರು ಅಂಕ ಹಾಕುವ ಕ್ರಮವನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿದ್ದರು. ನನ್ನ ಜೊತೆಯವರು ಬಹಳ ಜನ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಬಿಡಿಸಿದರು, ಇದೊಂದನ್ನು ಮಾತ್ರ ಓದಲಿಲ್ಲ. ನನ್ನ ಮಟ್ಟಿಗೆ ತಯಾರಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ.

ಪ್ರತಿ ಪ್ರಬಂಧಕ್ಕೂ ಎರಡು ಅಂಕ. ಒಂದು ವಿಷಯಕ್ಕೆ, ಇನ್ನೊಂದು ಇಂಗ್ಲಿಷಿಗೆ. ವಿಷಯದ ಅಂಕ ಸಂಖ್ಯೆಯಲ್ಲಿ, 1ರಿಂದ 5. ಪ್ರಶ್ನೆಗೆ ಸಂಬಂಧವೇ ಇಲ್ಲದ್ದನ್ನು ಬರೆದರೆ, ಅಥವಾ ಓದಲಿಕ್ಕೇ ಆಗದಿದ್ದರೆ, ಸೊನ್ನೆ. ಇಂಗ್ಲಿಷಿನ ಅಂಕ ಅಕ್ಷರದಲ್ಲಿ: ಎ, ಸಿ, ಇ. ಎ ಅಂದರೆ ಸರಾಗವಾಗಿ ಓದಿಸಿಕೊಂಡು ಹೋಗುವ ಭಾಷೆ, ತಪ್ಪು ಕಡಿಮೆ. ಸಿ ಅಂದರೆ ಹೇಳಿದ್ದು ಸಾಕಷ್ಟು ಸ್ಪಷ್ಟ, ಅಲ್ಲಲ್ಲಿ ಓದುಗ ಎಡವುತ್ತಾನೆ. ಇ ಅಂದರೆ ಭಾಷೆ ದುರ್ಬಲ. ಎರಡನ್ನೂ ಜೊತೆಗಿಟ್ಟು 3ಎ, 2.5ಬಿ ಅಂತ ಕೊಡುತ್ತಿದ್ದರು. ಪರೀಕ್ಷಕರ ಕೈಯಲ್ಲಿ ಬಿ ಇಲ್ಲವಲ್ಲ, ಎಲ್ಲಿಂದ ಬಂತು ಅಂತ ಕೇಳಬಹುದು. ಅದಕ್ಕೇ ಬರುತ್ತೇನೆ.

ಮೊದಲು ಈ 1ರಿಂದ 5ರ ವಿಷಯ. ನಮ್ಮಪ್ಪ ಮೈಸೂರಿನಲ್ಲಿ ಓದಿ ಬೆಳೆದವರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕೆಲಸದ ಮೇಲೆ ಇಲ್ಲಿಗೆ, ಇಂಗ್ಲೆಂಡಿಗೆ, ಬಂದವರು. ಅವರಿಗೆ ಯಾವ ಅಂಕ ಕಂಡರೂ ಮೊದಲು ಪರ್ಸೆಂಟೇಜ್ ಆಗಿ ಕಾಣುತ್ತದೆ. ಶಾಲೆಯಲ್ಲಿ ಅಭ್ಯಾಸಕ್ಕೆ ಬರೆದ ಒಂದು ಪ್ರಬಂಧಕ್ಕೆ 3 ಬಂತು ಅಂತ ಹೇಳಿದೆ. "ಐದಕ್ಕೆ ಮೂರು ಅಂದ್ರೆ ಅರವತ್ತು ಪರ್ಸೆಂಟು. ಇದರಲ್ಲಿ ಮೆಡಿಕಲ್ ಸೀಟ್ ಹೇಗೆ ಸಿಗತ್ತೆ ಪುಟ್ಟಿ?" ಅಂದರು. ಅವರ ಮುಖ ಸಪ್ಪಗಾಗಿತ್ತು. ಅವರ ಆತಂಕ ನನಗೂ ಅರ್ಥವಾಗುತ್ತಿತ್ತು. ತೊಂಬತ್ತೆಂಟು ಬಂದರೂ ಮಿಕ್ಕ ಎರಡು ಎಲ್ಲಿ ಹೋಯಿತು ಅಂತ ಕೇಳುವ ಊರಿನಿಂದ ಬಂದವರಲ್ವಾ ನಾವು?

ಆದರೆ ಆ ಅಳತೆಯಲ್ಲಿ 3 ಅಂದರೆ ಅರವತ್ತಲ್ಲ. ಪ್ರತಿ ಸಂಖ್ಯೆಯ ಹಿಂದೆಯೂ ಒಂದು ವಿವರಣೆ ಇದೆ. ಪರೀಕ್ಷಕರು ಪಾಯಿಂಟಿಗೆ ಇಷ್ಟು ಅಂತ ಕೂಡಿಸಿಕೊಂಡು ಹೋಗುವುದಿಲ್ಲ. ಪ್ರಬಂಧ ಓದಿ ಮುಗಿಸಿ, ಇದು ಯಾವ ವಿವರಣೆಗೆ ಹೊಂದುತ್ತದೆ ಅಂತ ನೋಡುತ್ತಾರೆ. 1 ಅಂದರೆ ಪ್ರಶ್ನೆಗೆ ಏನೋ ಸಂಬಂಧ ಇದೆ, ಆದರೆ ಕೇಳಿದ ರೀತಿಯಲ್ಲಿ ಉತ್ತರಿಸಿಲ್ಲ, ಮಾತು ಚೆಲ್ಲಾಪಿಲ್ಲಿ. 2 ಅಂದರೆ ಪ್ರಶ್ನೆಯ ಬಹುಪಾಲು ಅಂಶಗಳನ್ನು ಮುಟ್ಟಿದೆ, ಆದರೆ ವಾದದಲ್ಲಿ ಗೊಂದಲ ಇದೆ, ಅಥವಾ ಎದುರು ವಾದಕ್ಕೆ ಬಲವಿಲ್ಲ. 3 ಅಂದರೆ ಎಲ್ಲ ಅಂಶಗಳಿಗೂ ಉತ್ತರ ಇದೆ, ವಾದ ತಕ್ಕಮಟ್ಟಿಗೆ ಸರಿಯಾಗಿದೆ, ಎಲ್ಲೋ ಒಂದು ಕಡೆ ಸಡಿಲ ಬಿಟ್ಟಿದೆ. 4 ಅಂದರೆ ಒಳ್ಳೆಯ ಉತ್ತರ, ಎರಡೂ ಪಕ್ಷವನ್ನು ಸಮನಾಗಿ ತೂಗಿ ನೋಡಿದೆ. 5 ಅಂದರೆ ಹುಡುಕಿದರೂ ದೊಡ್ಡ ಕೊರತೆ ಸಿಗಬಾರದು. ಬಹುತೇಕರಿಗೆ ಬರುತ್ತಿದ್ದದ್ದು 2.5ರಿಂದ 3.5ರ ಒಳಗೆ. 5 ತೀರಾ ಅಪರೂಪ. ಇದನ್ನು ಅಪ್ಪನ ಪಕ್ಕ ಕೂತು ಸಾಲು ಸಾಲಾಗಿ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಮೂರು ಅಂದ್ರೆ ಸುಮಾರಾದ್ದು ಅಂತಲ್ಲ, ಸರಿಯಾಗಿ ಬರ್ದಿದಾರೆ ಅಂತ" ಅಂದರು. ಆಮೇಲೆ ಮನೆಯಲ್ಲಿ ಪರ್ಸೆಂಟೇಜ್ ಮಾತು ಬರಲಿಲ್ಲ.

2ರ ವಿವರಣೆಯಲ್ಲೂ 4ರ ವಿವರಣೆಯಲ್ಲೂ ಒಂದೇ ವಸ್ತು ಕಾಣುವುದನ್ನು ಗಮನಿಸಿ: ಎದುರು ವಾದ. ಪ್ರಶ್ನೆಗಳ ಆಕಾರವೇ ಹಾಗಿತ್ತು. ಒಂದು ಹೇಳಿಕೆ ಕೊಡುತ್ತಾರೆ. ಅದರ ಹಿಂದಿನ ತರ್ಕವನ್ನು ವಿವರಿಸಿ ಅನ್ನುತ್ತಾರೆ. ಅದಕ್ಕೆ ವಿರುದ್ಧವಾಗಿ ವಾದಿಸಿ ಅನ್ನುತ್ತಾರೆ. ಕೊನೆಗೆ ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅಂತ ಕೇಳುತ್ತಾರೆ. ಮೈಸೂರಿನ ಶಾಲೆಯಲ್ಲಿದ್ದಾಗ ನಾನು ಚರ್ಚಾಸ್ಪರ್ಧೆಗೆ ಹೋಗುತ್ತಿದ್ದೆ. ಅಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಎದುರಿನವರ ಮಾತನ್ನು ಪುಡಿ ಮಾಡಿದರೆ ಚಪ್ಪಾಳೆ. ಇಲ್ಲಿ ಒಂದೇ ಪುಟದಲ್ಲಿ ಎರಡು ಕಡೆಯೂ ನಾನೇ ನಿಲ್ಲಬೇಕು. ಅದೂ ಸುಮ್ನೆ ಹೆಸರಿಗೆ ಅಲ್ಲ. ನಾನು ಒಪ್ಪದ ಮಾತನ್ನು, ಅದನ್ನು ನಂಬಿದವರು ಓದಿ "ಹೌದು, ನಾವು ಹೇಳೋದು ಇದೇ" ಅನ್ನುವ ಹಾಗೆ ಬರೆಯಬೇಕು.

ಸಿಕ್ಸ್ತ್ ಫಾರ್ಮಿನಲ್ಲಿ, ಅಂದರೆ ನಮ್ಮ ಪಿಯುಸಿ ವಯಸ್ಸಿನ ಓದಿನಲ್ಲಿ, ನಮಗೆ ಇಬ್ಬರು ಟೀಚರ್‌ಗಳು ಸಹಾಯಕ್ಕೆ ನಿಂತರು. ಒಬ್ಬರು ಕೆಮಿಸ್ಟ್ರಿ ಸರ್, ಇನ್ನೊಬ್ಬರು ಇಂಗ್ಲಿಷ್ ಮಿಸ್. ಕ್ಲಾಸ್ ಮುಗಿದ ಮೇಲೆ ಲೈಬ್ರರಿಯಲ್ಲಿ ಕೂರಿಸಿ ಬರೆಸುತ್ತಿದ್ದರು. ಆಮೇಲೆ ಅವರು ಮಾಡುತ್ತಿದ್ದದ್ದು ನನಗೆ ತುಂಬ ಇಷ್ಟವಾಯಿತು. ನಿಜವಾದ ಪರೀಕ್ಷೆಯಲ್ಲಿ ಪ್ರತಿ ಪ್ರಬಂಧವನ್ನೂ ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಓದುತ್ತಾರೆ. ಇವರೂ ಹಾಗೇ ಮಾಡಿದರು. ನಮ್ಮ ಪ್ರಬಂಧದ ಜೆರಾಕ್ಸ್ ತೆಗೆದು ಒಂದೊಂದು ಪ್ರತಿ ಇಟ್ಟುಕೊಂಡು, ಒಬ್ಬರದನ್ನು ಒಬ್ಬರು ನೋಡದೆ ಅಂಕ ಹಾಕಿ, ಮಾರನೇ ದಿನ ನಮ್ಮೆದುರಿಗೇ ಹೋಲಿಸುತ್ತಿದ್ದರು.

ಒಂದು ಸಲ ಅಭ್ಯಾಸಕ್ಕೆ ಸರ್ ಅವರೇ ಒಂದು ಹೇಳಿಕೆ ಕೊಟ್ಟರು: ಒಳ್ಳೆಯ ಡಾಕ್ಟರ್ ಆದವರು ರೋಗಿ ಬಯಸಿದ್ದನ್ನೇ ಮಾಡಬೇಕು. ನನ್ನ ಪ್ರಬಂಧಕ್ಕೆ ಸರ್ 3ಎ ಹಾಕಿದ್ದರು. ಮಿಸ್ 4ಸಿ ಹಾಕಿದ್ದರು. ವಿಷಯಕ್ಕೆ ಒಬ್ಬರು 3, ಒಬ್ಬರು 4. ಒಂದು ಅಂಕದೊಳಗಿನ ವ್ಯತ್ಯಾಸ ಇದ್ದರೆ ಸರಾಸರಿ ತೆಗೆಯುತ್ತಾರೆ, 3.5. ಭಾಷೆಗೆ ಒಬ್ಬರು ಎ, ಒಬ್ಬರು ಸಿ. ಅವೆರಡರ ನಡುವೆ ಬಿ. ಬಿ ಹುಟ್ಟುವುದು ಹೀಗೆ. ಯಾವ ಪರೀಕ್ಷಕರೂ ಬಿ ಕೊಡುವುದಿಲ್ಲ. ಒಬ್ಬರಿಗೆ ಚೆನ್ನಾಗಿ ಕಂಡದ್ದು ಇನ್ನೊಬ್ಬರಿಗೆ ಸಾಧಾರಣ ಅನ್ನಿಸಿದೆ ಅನ್ನೋದರ ಗುರುತು ಅದು. ಡಿ ಕೂಡ ಹಾಗೇ, ಸಿ ಮತ್ತು ಇ ನಡುವೆ.

ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಪ್ರಬಂಧಕ್ಕೆ ಸರ್ 2 ಕೊಟ್ಟಿದ್ದರು, ಮಿಸ್ 4. ಇದು ಒಂದಕ್ಕಿಂತ ಜಾಸ್ತಿ ವ್ಯತ್ಯಾಸ. ನಿಜವಾದ ಪರೀಕ್ಷೆಯಲ್ಲಿ ಇಂಥದ್ದನ್ನು ಸರಾಸರಿ ಮಾಡಿ 3 ಅಂತ ಕೊಟ್ಟು ಕಳಿಸುವುದಿಲ್ಲ. ಮತ್ತೊಮ್ಮೆ ಅಂಕ ಹಾಕಿಸುತ್ತಾರೆ. ಹಾಗಾಗಿ ಬಯಾಲಜಿ ಟೀಚರ್ ಅವರನ್ನು ಕರೆದರು. ಅವರು ಓದಿ 3 ಹಾಕಿದರು. ಆಮೇಲೆ ಮೂವರೂ ಸೇರಿ ಅವಳಿಗೆ ವಿವರಿಸಿದರು. ಅವಳ ಎದುರು ವಾದ ಜೋರಾಗಿತ್ತು, ಮಿಸ್‌ಗೆ ಅದು ಹಿಡಿಸಿತ್ತು. ಆದರೆ ಹೇಳಿಕೆಯ ಹಿಂದಿನ ತರ್ಕವನ್ನು ಅವಳು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಳು. ಕೇಳಿದ ಮೂರರಲ್ಲಿ ಒಂದಕ್ಕೆ ಉತ್ತರವೇ ಇಲ್ಲದ ಹಾಗೆ ಸರ್‌ಗೆ ಕಂಡಿತ್ತು. ಎಷ್ಟೇ ಚೆನ್ನಾಗಿ ಬರೆದರೂ ಒಂದು ಅಂಶ ಬಿಟ್ಟುಹೋದರೆ ಮೇಲಿನ ವಿವರಣೆಗೆ ಹತ್ತಲಿಕ್ಕೆ ಆಗುವುದಿಲ್ಲ. "ಎಲ್ಲ ಅಂಶಗಳಿಗೂ" ಅಂತ 3ರಿಂದ ಮೇಲಕ್ಕೆ ಪ್ರತಿ ಕಡೆಯೂ ಇದೆ. ಮೂವರು ದೊಡ್ಡವರು ಒಂದು ಹುಡುಗಿಯ ಒಂದು ಪುಟವನ್ನು ಎದುರಿಗಿಟ್ಟುಕೊಂಡು ಅಷ್ಟು ಹೊತ್ತು ಮಾತಾಡಿದ್ದು ನನಗೆ ಇವತ್ತಿಗೂ ದೊಡ್ಡ ವಿಷಯ ಅನ್ನಿಸುತ್ತದೆ.

ನನ್ನ 3 ಮತ್ತು 4ರ ನಡುವಿನ ಜಗಳ ಬೇರೆ. ರೋಗಿ ಬಯಸಿದ್ದನ್ನೇ ಮಾಡಬೇಕು ಅನ್ನೋದಕ್ಕೆ ನಾನು ಎದುರಾಗಿ ಆಂಟಿಬಯಾಟಿಕ್ ಉದಾಹರಣೆ ಕೊಟ್ಟಿದ್ದೆ. ನೆಗಡಿ ವೈರಸ್ಸಿನಿಂದ ಬರುತ್ತದೆ, ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ರೋಗಿ ಕೇಳಿದರು ಅಂತ ಕೊಟ್ಟರೆ ಅವರಿಗೂ ಲಾಭವಿಲ್ಲ. ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ಹಾಗಾದರೆ ನಾಳೆ ಬೇರೆಯವರಿಗೂ ತೊಂದರೆ. ಸರ್ ಇದನ್ನು ಓದಿ, "ಇದು ಸರಿಯೇ. ಆದರೆ ಇದು ಎಲ್ಲರೂ ಬರೆಯುವ ಉದಾಹರಣೆ. ಇಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋದೆ?" ಅಂತ ಕೇಳಿದರು. ಮಿಸ್ ಬೆರಳಿಟ್ಟದ್ದು ಕೊನೆಯ ಪ್ಯಾರಾದ ಮೇಲೆ. ಅಲ್ಲಿ ನಾನು ಧರ್ಮದ ಕಾರಣಕ್ಕೆ ರಕ್ತ ಹಾಕಿಸಿಕೊಳ್ಳುವುದು ಬೇಡ ಅನ್ನುವ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರ ವಿಷಯ ತಂದಿದ್ದೆ. ಇಂಗ್ಲೆಂಡಿನ ಕಾನೂನಿನಲ್ಲಿ, ಯೋಚಿಸಿ ತೀರ್ಮಾನ ಮಾಡುವ ಶಕ್ತಿ ಇರುವ ವಯಸ್ಕರು ಚಿಕಿತ್ಸೆ ಬೇಡ ಅನ್ನಬಹುದು. ಪ್ರಾಣ ಹೋಗುವ ಹಾಗಿದ್ದರೂ ಡಾಕ್ಟರ್ ಬಲವಂತ ಮಾಡುವ ಹಾಗಿಲ್ಲ. ಆದರೆ ಡಾಕ್ಟರಿಗೆ ಸರಿ ಕಾಣದ ಚಿಕಿತ್ಸೆಯನ್ನು ಕೊಡಲೇಬೇಕು ಅಂತ ಹಠ ಹಿಡಿಯುವ ಹಕ್ಕು ರೋಗಿಗೆ ಇಲ್ಲ. ಅಂದರೆ ಬಯಕೆಗಳಲ್ಲೇ ಎರಡು ಥರ. ಬೇಡ ಅನ್ನೋದು ಒಂದು, ಇದೇ ಬೇಕು ಅನ್ನೋದು ಇನ್ನೊಂದು. ಹೇಳಿಕೆ ಮೊದಲನೆಯದಕ್ಕೆ ಬಹುಮಟ್ಟಿಗೆ ನಿಲ್ಲುತ್ತದೆ, ಎರಡನೆಯದಕ್ಕೆ ನಿಲ್ಲುವುದಿಲ್ಲ.

"ಇದನ್ನು ಕೊನೆಗೆ ಯಾಕೆ ಇಟ್ಟಿದ್ದೀಯ? ಇದೇ ನಿನ್ನ ಪ್ರಬಂಧ" ಅಂದರು ಮಿಸ್.

ಆ ಮಾತು ನನಗೆ ಬಾಗಿಲು ತೆರೆಯಿತು. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅನ್ನೋ ಮೂರನೇ ಪ್ರಶ್ನೆಗೆ "ಸ್ವಲ್ಪ ಹೌದು, ಸ್ವಲ್ಪ ಅಲ್ಲ" ಅಂತ ಬರೆದರೆ ಅದು ತೀರ್ಮಾನವೇ ಅಲ್ಲ. ಎಲ್ಲಿ ಹೌದು, ಎಲ್ಲಿ ಅಲ್ಲ, ಆ ಗೆರೆ ಯಾವುದು ಅಂತ ಹೇಳಬೇಕು. 3 ಮತ್ತು 4ರ ನಡುವೆ ಇದ್ದದ್ದು ಅಷ್ಟೇ. ಅಲ್ಲಿಂದ ಮುಂದೆ ನಾನು ಮೊದಲು ಆ ಗೆರೆಯನ್ನು ಹುಡುಕಿಕೊಂಡು, ಆಮೇಲೆ ಬರೆಯಲು ಶುರು ಮಾಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಸುಮಾರು ಮೂರನೇ ಒಂದು ಭಾಗ ಯೋಚನೆಗೇ ಹೋಗುತ್ತಿತ್ತು. ಪುಟ ಒಂದೇ ಆದ್ದರಿಂದ ಬರೆಯುವ ಹೊತ್ತು ಕಡಿಮೆಯಾದರೂ ನಡೆಯುತ್ತಿತ್ತು. ಯೋಚನೆ ಇಲ್ಲದ ಸಾಲು ಅಲ್ಲಿ ಸುಮ್ನೆ ಜಾಗ ತಿನ್ನುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದ ನನಗೆ ಇಂಗ್ಲಿಷಿನ ಅಂಕದ್ದೇ ಜಾಸ್ತಿ ಭಯ ಇತ್ತು. ದೊಡ್ಡ ದೊಡ್ಡ ಪದ ಬಳಸಿದರೆ ಎ ಬರುತ್ತದೆ ಅಂತ ಬಹಳ ಮಕ್ಕಳು ನಂಬಿದ್ದರು. ಪ್ರಕಟವಾದ ವಿವರಣೆಯಲ್ಲಿ ಅಂಥದ್ದೇನೂ ಇಲ್ಲ. ಸರಾಗ, ವಾಕ್ಯ ರಚನೆ, ವ್ಯಾಕರಣ, ಸ್ಪೆಲ್ಲಿಂಗ್, ಪದಗಳ ಒಳ್ಳೆಯ ಬಳಕೆ, ಇಷ್ಟೇ. ನನ್ನ ಸಿ ಬಂದದ್ದು ಉದ್ದುದ್ದ ವಾಕ್ಯಗಳಿಂದ ಅಂತ ಮಿಸ್ ಕೆಂಪು ಪೆನ್ನಿನಲ್ಲಿ ತೋರಿಸಿದರು. ಒಂದು ವಾಕ್ಯವನ್ನು ಮೂರು ಮಾಡಿ ಬರೆದು ಪಕ್ಕದಲ್ಲಿಟ್ಟರು. ವಾದವೂ ಅದರಲ್ಲೇ ಚೆನ್ನಾಗಿ ಕಂಡಿತು.

ಪರೀಕ್ಷೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಾಲೇಜಿನದೇ ಹಾಲ್, ತಣ್ಣಗಿತ್ತು. ಮೊದಲೆರಡು ಭಾಗ ಮುಗಿಯುವ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಕಪ್ಪು ಪೆನ್ ಎತ್ತಿಕೊಳ್ಳಬೇಕು. ಮೂರು ಪ್ರಶ್ನೆಗಳನ್ನೂ ಓದಿ, ಯಾವುದರಲ್ಲಿ ನನಗೆ ಎರಡೂ ಕಡೆ ನಿಲ್ಲಲು ಆಗುತ್ತದೋ ಅದನ್ನು ಆರಿಸಿಕೊಂಡೆ. ನನಗೆ ಬಲವಾದ ಅಭಿಪ್ರಾಯ ಇದ್ದ ಪ್ರಶ್ನೆಯನ್ನು ಬಿಟ್ಟೆ. ಕೊನೆಯ ಗೆರೆ ತಲುಪಿದಾಗ ಇನ್ನೂ ಒಂದೆರಡು ನಿಮಿಷ ಉಳಿದಿತ್ತು.

ನವೆಂಬರ್ ಕೊನೆಯ ಹೊತ್ತಿಗೆ ಫಲಿತಾಂಶ ಬಂತು. ಪ್ರಬಂಧಕ್ಕೆ 3.5ಎ. ಅದನ್ನು ನೋಡಿದ ಕೂಡಲೇ ಆ ಅಂಕದೊಳಗೆ ಇಬ್ಬರು ಕಂಡರು. ಒಬ್ಬರು 3 ಹಾಕಿದ್ದಾರೆ, ಒಬ್ಬರು 4. ಇಂಗ್ಲಿಷಿನ ವಿಷಯದಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ. ಅವರು ಯಾರು ಅಂತ ನನಗೆ ಗೊತ್ತಿಲ್ಲ, ನಾನು ಯಾರು ಅಂತ ಅವರಿಗೂ ಬೇಕಿಲ್ಲ. ಊರು, ಬಣ್ಣ ಯಾವುದೂ ಅಲ್ಲಿ ಇಲ್ಲ. ನನ್ನ ಕೈಬರಹದ ಒಂದು ಪುಟ ಮಾತ್ರ. ಅಪ್ಪನಿಗೆ ಹೇಳಿದಾಗ, "ಇಬ್ಬರಲ್ಲಿ ಒಬ್ಬರಿಗೆ ನಾಲ್ಕು ಅನ್ನಿಸಿದೆ ಅಲ್ವಾ?" ಅಂತ ಅವರೇ ಲೆಕ್ಕ ಹಾಕಿದರು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಈ ಅಂಕವನ್ನು ಎಲ್ಲ ಕಾಲೇಜುಗಳೂ ಒಂದೇ ಥರ ಬಳಸುತ್ತಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಮೊದಲೆರಡು ಭಾಗಕ್ಕೆ ಶೇ 40ರಂತೆ ತೂಕ, ಪ್ರಬಂಧಕ್ಕೆ ಶೇ 20. ಇಂಪೀರಿಯಲ್‌ನಲ್ಲಿ ಪ್ರಬಂಧಕ್ಕೂ ಒಂದು ಕನಿಷ್ಠ ಮಟ್ಟ ಇಡುತ್ತಿದ್ದರು, 2.5ಬಿ ಆಸುಪಾಸು. ಅಂಕದ ಜೊತೆಗೆ ಪ್ರಬಂಧದ ಪ್ರತಿಯೂ ನಾವು ಅರ್ಜಿ ಹಾಕಿದ ಕಾಲೇಜುಗಳಿಗೆ ಹೋಗುತ್ತಿತ್ತು. ಇದು ಬಹಳ ಜನರಿಗೆ ಗೊತ್ತಿರಲಿಲ್ಲ. ನನ್ನ ಒಂದು ಸಂದರ್ಶನದಲ್ಲಿ ಮೇಜಿನ ಮೇಲೆ ನನ್ನದೇ ಪುಟ ಇತ್ತು. "ನೀವು ಎದುರು ವಾದ ಅಂತ ಬರೆದದ್ದನ್ನೇ ಹಿಡಿದುಕೊಳ್ಳೋಣ. ಅದೇ ಸರಿ ಅಂತ ಈಗ ನನ್ನನ್ನು ಒಪ್ಪಿಸಿ" ಅಂದರು ಅಲ್ಲಿದ್ದ ಡಾಕ್ಟರ್. ಬಾಯಿಪಾಠ ಮಾಡಿ ಬರೆದಿದ್ದರೆ ಅಲ್ಲಿ ಮಾತೇ ಹೊರಡುತ್ತಿರಲಿಲ್ಲ. ನಿಜವಾಗಿ ಆ ಕಡೆ ನಿಂತು ಯೋಚಿಸಿದ್ದೆ, ಹಾಗಾಗಿ ಮಾತು ಬಂತು.

ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ನನಗಿಂತ ಬಹಳ ಹಿಂದೆ ಅಲ್ಲಿಯ ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆದಿದ್ದಳು. ಅಲ್ಲಿಯೂ 1991ರಿಂದ 2012ರವರೆಗೆ ಪ್ರಬಂಧ ಇತ್ತು. ಅರ್ಧರ್ಧ ಗಂಟೆಯ ಎರಡು ಪ್ರಬಂಧ. ಪ್ರತಿಯೊಂದಕ್ಕೂ ಎರಡೆರಡು ಸಲ 1ರಿಂದ 6ರೊಳಗೆ ಅಂಕ. ಎಲ್ಲ ಕೂಡಿಸಿ ಜೆ ಇಂದ ಟಿ ವರೆಗಿನ ಒಂದು ಅಕ್ಷರ ಮಾಡುತ್ತಿದ್ದರು. ಅವಳ ಫಲಿತಾಂಶ ಅಂಕದ ಪಕ್ಕ ಕ್ಯೂ ಅಂತ ಇತ್ತು. ಆ ಅಕ್ಷರವನ್ನು ಕಾಲೇಜುಗಳು ಅಷ್ಟಾಗಿ ನೋಡುವುದಿಲ್ಲ ಅಂತ ಅವಳ ಜೊತೆಯವರೆಲ್ಲ ಹೇಳುತ್ತಿದ್ದರಂತೆ. ಕೊನೆಗೆ ಅದನ್ನು ತೆಗೆದೇ ಹಾಕಿದರು. ನನಗೆ ಬಿಮ್ಯಾಟಿನ ಕ್ರಮವೇ ಮೇಲು ಅನ್ನಿಸುತ್ತದೆ. ವಿಷಯ ಬೇರೆ, ಭಾಷೆ ಬೇರೆ ಅಂತ ಬಿಡಿಸಿ ತೋರಿಸಿದರೆ ಬರೆದವರಿಗೆ ತಾವು ಎಲ್ಲಿ ಗಟ್ಟಿ, ಎಲ್ಲಿ ಅಲ್ಲ ಅಂತ ತಿಳಿಯುತ್ತದೆ. ಕ್ಯೂ ಅನ್ನೋ ಅಕ್ಷರ ನೋಡಿ ಯಾರಿಗೆ ಏನು ತಿಳಿಯಬೇಕು?

ಬಿಮ್ಯಾಟ್ ಕೊನೆಯ ಸಲ ನಡೆದದ್ದು 2023ರ ಅಕ್ಟೋಬರಿನಲ್ಲಿ. ಈಗ ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿ ಅದನ್ನು ಕೇಳುತ್ತಿದ್ದ ಕಾಲೇಜುಗಳು ಯುಕ್ಯಾಟ್‌ಗೆ ಹೋಗಿವೆ. ಯುಕೆಕ್ಯಾಟಿನ ಈಗಿನ ಹೆಸರು ಅದು. ಅದು ಪೂರ್ತಿ ಕಂಪ್ಯೂಟರಿನಲ್ಲಿ, ಅದರಲ್ಲಿ ಪ್ರಬಂಧ ಇಲ್ಲ. ಸಾವಿರಾರು ಮಕ್ಕಳ ಕೈಬರಹವನ್ನು ಇಬ್ಬಿಬ್ಬರು ಓದುವುದು ಖರ್ಚಿನ ಕೆಲಸ, ನಿಧಾನದ ಕೆಲಸ, ಅದು ನನಗೂ ಗೊತ್ತು. ಆದರೂ ಹೋದದ್ದಕ್ಕೆ ಬೇಸರ ಇದೆ. ಮುಂದೆ ರೋಗಿಯ ಎದುರು ಕೂರುವವರು, ತಮಗೆ ಒಪ್ಪಿಗೆಯಿಲ್ಲದ ಮಾತನ್ನು ಸರಿಯಾಗಿ ಕೇಳಿಸಿಕೊಂಡು ಅದನ್ನು ಅವರ ಪರವಾಗಿ ಹೇಳಬಲ್ಲರಾ ಅಂತ ಅಳೆಯುವ ಭಾಗ, ಪ್ರಬಂಧ ಬಿಟ್ಟರೆ, ಬಿಮ್ಯಾಟಿನಲ್ಲಿ ಇನ್ನೊಂದು ಇರಲಿಲ್ಲ.

ನಾನು ಈಗ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರ್, 2024ರವರೆಗೆ ಜೂನಿಯರ್ ಡಾಕ್ಟರ್ ಅನ್ನುತ್ತಿದ್ದರು. ಕನ್ನಡ ಬಳಗದ ಮಕ್ಕಳು ಮೆಡಿಕಲ್ ಸಂದರ್ಶನಕ್ಕೆ ತಯಾರಾಗಲು ಆಗಾಗ ಮನೆಗೆ ಬರುತ್ತಾರೆ. ಸಂದರ್ಶನದಲ್ಲಿ ಇಂಥ ಪ್ರಶ್ನೆಗಳು ಇನ್ನೂ ಬರುತ್ತವೆ. ಅವರಿಗೆ ಒಂದು ಹೇಳಿಕೆ, ಒಂದು ಖಾಲಿ ಎ4 ಹಾಳೆ, ಅರ್ಧ ಗಂಟೆ ಕೊಡುತ್ತೇನೆ. ಬರೆದದ್ದನ್ನು ನಾನೊಂದು ಸಲ ಓದುತ್ತೇನೆ, ನನ್ನ ಜೊತೆ ಕೆಲಸ ಮಾಡುವ ಗೆಳತಿ ಒಂದು ಸಲ ಓದುತ್ತಾಳೆ, ಬೇರೆ ಬೇರೆಯಾಗಿ. ಎರಡು ಅಂಕದ ವ್ಯತ್ಯಾಸ ಬಂದರೆ ಅಪ್ಪನಿಗೆ ಕೊಡುತ್ತೇವೆ. ಅವರು ಕನ್ನಡಕ ಹಾಕಿಕೊಂಡು, 1ರಿಂದ 5ರ ವಿವರಣೆ ಪಕ್ಕದಲ್ಲಿಟ್ಟುಕೊಂಡು ಓದುತ್ತಾರೆ. ಮೂರಕ್ಕಿಂತ ಜಾಸ್ತಿ ಕೊಡುವುದು ಅಪರೂಪ.